ಗಿರಣಿಯ ಸರದಿ

ಶಿಷ್ಯ ಚನ್ನವೀರ ಕೇಳಿದ: “ಗುರುಗಳೇ, ಸಮಾಜದಲ್ಲಿ ಮೇಲಿನವರು, ನಡುವಿನವರು, ಕೆಳಗಿನವರು ಎಂದು ಮೂರು ವರ್ಗಗಳಿವೆಯೆಂದು ಓದಿದೆ. ಮಠದಲ್ಲಿರುವ ನಾವು ಯಾವುದಕ್ಕೆ ಸೇರುತ್ತೇವೆ?”

ಗುರುಗಳು ಹೇಳಿದರು:

ಒಬ್ಬ ವಿದ್ವಾಂಸ ಈ ವರ್ಗಗಳನ್ನು ಅಧ್ಯಯನ ಮಾಡಲು ನಮ್ಮ ಪೇಟೆಗೆ ಬಂದ. ಎಲ್ಲ ಬಗೆಯ ಜನರೂ ಬರುವ ಜಾಗ ಹಿಟ್ಟಿನ ಗಿರಣಿಯೆಂದು ತಿಳಿದು ಅಲ್ಲಿಯ ಬೆಂಚಿನ ಮೇಲೆ ಕುಳಿತ. ಬಂದವರ ಕಸುಬು, ಓದು, ಮನೆ ವಿಚಾರಿಸಿ ಮೂರು ಪಟ್ಟಿಗಳಲ್ಲಿ ಹೆಸರು ಬರೆಯುತ್ತ ಹೋದ. ಗಿರಣಿ ನಡೆಸುತ್ತಿದ್ದವಳು ಒಬ್ಬ ಹೆಂಗಸು. ಅವಳ ಹೆಸರು ಬರೆಯುವಾಗ ಅವನ ಕೈ ತಡೆಯಿತು. ಗಿರಣಿ ಅವಳದೇ, ಹಾಗಾಗಿ ಒಡತಿ. ಬೆಳಗಿನಿಂದ ಸಂಜೆಯವರೆಗೆ ತಾನೇ ಕಾಳು ಸುರಿಯುತ್ತಾಳೆ, ಹಾಗಾಗಿ ದುಡಿಮೆಯವಳು. ಊರವರೆಲ್ಲ ಅವಳನ್ನು ಅಕ್ಕ ಎಂದು ಗೌರವದಿಂದ ಕರೆಯುತ್ತಾರೆ. ಅವನು ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಅವಳು ನಕ್ಕು, ತನ್ನನ್ನು ಎಲ್ಲಿ ಬರೆದರೂ ಸರಿ, ಡಬ್ಬಗಳು ಕಾಯುತ್ತಿವೆ ಎಂದಳು.

ಮೊದಲ ದಿನ ಗೋಧಿ ಬೀಸಿಸಿಕೊಂಡು ಹೋಗಿದ್ದ ಒಬ್ಬ ಗುತ್ತಿಗೆದಾರ ಮೂರನೆಯ ದಿನ ಜೋಳ ಬೀಸಿಸಲು ಬಂದ. ತನ್ನ ಹೆಸರು ಮೇಲಿನವರ ಪಟ್ಟಿಯಲ್ಲಿರುವುದು ಅವನ ಕಿವಿಗೆ ಬಿದ್ದಿತ್ತು. ಸರದಿಯಲ್ಲಿ ಅವನ ಮುಂದೆ ಒಬ್ಬ ಹಮಾಲನ ಡಬ್ಬವಿತ್ತು. ಹಮಾಲನ ಹಿಟ್ಟಿನ ಬೆನ್ನಿಗೇ ತನ್ನದನ್ನು ಬೀಸಬಾರದು, ತನ್ನದನ್ನೇ ಮೊದಲು ಹಾಕಬೇಕು ಎಂದ. ಇಲ್ಲದಿದ್ದರೆ ತಾನೂ ತನ್ನ ಓಣಿಯವರೂ ಇನ್ನು ಬೇರೆ ಗಿರಣಿಗೆ ಹೋಗುವುದಾಗಿ ಹೇಳಿದ. ಹಮಾಲ ತಲೆ ತಗ್ಗಿಸಿ ಡಬ್ಬವನ್ನು ಹಿಂದಕ್ಕೆ ಸರಿಸತೊಡಗಿದ.

ಅವಳು ಗಿರಣಿ ನಿಲ್ಲಿಸಿದಳು. ಆ ಓಣಿಯವರು ಬಿಟ್ಟುಹೋದರೆ ಅರ್ಧ ವ್ಯಾಪಾರ ಹೋಗುತ್ತಿತ್ತು. ಆದರೂ ಹಮಾಲನ ಡಬ್ಬವನ್ನು ಮೊದಲಿನ ಜಾಗದಲ್ಲೇ ತಂದಿಟ್ಟು ಗುತ್ತಿಗೆದಾರನಿಗೆ ಹೇಳಿದಳು:

“ಅಣ್ಣಾ, ನೀವು ಹನ್ನೊಂದು ವರ್ಷದಿಂದ ಬರುತ್ತಿದ್ದೀರಿ. ಕಲ್ಲಿನ ಸಂದಿಯಲ್ಲಿ ಹಿಂದಿನವರ ಒಂದು ಹಿಡಿ ಹಿಟ್ಟು ಉಳಿಯದ ದಿನವಿಲ್ಲ. ಅದು ನಿಮ್ಮ ಡಬ್ಬಕ್ಕೆ ಬೀಳುತ್ತದೆ, ನಿಮ್ಮದೊಂದು ಹಿಡಿ ಮುಂದಿನವರಿಗೆ ಹೋಗುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದರೂ ನಿನ್ನೆ ಕೊನೆಗೆ ಬೀಸಿದವರದು ಇದ್ದೇ ಇರುತ್ತದೆ.”

“ನಿನ್ನೆ ಕೊನೆಗೆ ಬೀಸಿದ್ದು ಯಾರದು?”

“ನೆನಪಿಲ್ಲ,” ಎಂದಳು.

ಗುತ್ತಿಗೆದಾರ ತನ್ನ ಡಬ್ಬವನ್ನು ಹಮಾಲನ ಡಬ್ಬದ ಹಿಂದೆ ಇಟ್ಟ. ಹನ್ನೊಂದು ವರ್ಷ ಆ ಹಿಟ್ಟಿನ ರೊಟ್ಟಿ ಉಂಡು ಅವನ ಮನೆಮಂದಿ ಚೆನ್ನಾಗಿಯೇ ಇದ್ದರು. ಹಮಾಲ ಬೆಂಚಿನಲ್ಲಿ ಸರಿದು ಜಾಗ ಕೊಟ್ಟ. ಗುತ್ತಿಗೆದಾರ ಕುಳಿತ. ಈ ಸಲದ ಜೋಳ ಮೆತ್ತಗಿದೆಯೆಂದು ಇಬ್ಬರೂ ಮಾತಾಡುತ್ತ ಸರದಿ ಕಾದರು. ವಿದ್ವಾಂಸ ತನ್ನ ಪಟ್ಟಿ ಹರಿಯಲಿಲ್ಲ. ಅದರ ಕೆಳಗೆ ಅಂದು ಕಂಡದ್ದನ್ನೂ ಬರೆದುಕೊಂಡ.

ಕತೆ ಅಲ್ಲಿಗೆ ನಿಂತಿತು. ಚನ್ನವೀರ ಮೆಲ್ಲಗೆ, ಹಾಗಾದರೆ ತಮ್ಮ ವರ್ಗ ಯಾವುದೆಂದು ಮತ್ತೆ ಕೇಳಿದ.

ಗುರುಗಳು ಹೇಳಿದರು: “ಮಠದ ಹಿಟ್ಟೂ ಆ ಗಿರಣಿಯದೇ, ಈ ಬೆಳಿಗ್ಗೆ ನೀನು ಉಂಡ ರೊಟ್ಟಿಯಲ್ಲಿ ಯಾರ ಪಾಲೆಷ್ಟೆಂದು ಹೇಳು, ನಿನ್ನ ವರ್ಗ ಯಾವುದೆಂದು ನಾನು ಹೇಳುತ್ತೇನೆ.”