ದ್ಯಾವಮ್ಮ ಹಾವಿನ ಬಾಣಂತನ ಮಾಡಿದ್ದು

ಒಂದಾನೊಂದು ಊರಿನಲ್ಲಿ ಒಬ್ಬ ದೊರೆ ಇದ್ದ. ಹೆಸರು ಗವಿರಾಯ. ಹೆಸರು ಹೇಳುವಾಗಲೇ ನನಗೆ ಮೈ ಉರಿಯುತ್ತದೆ, ಆದರೂ ಹೇಳುತ್ತೇನೆ, ಕೇಳಿ. ನಡುವೆ ನಗಬೇಡಿ. ನಗುವ ಕತೆಯಲ್ಲ ಇದು.

ಒಬ್ಬ ಹಾವಾಡಿಗ ಆ ಊರಿಗೆ ಬಂದ. ಅವನಿಗೆ ಪುಂಗಿ ಊದಿ ಊದಿ ಬೇಜಾರಾಗಿತ್ತು. ಒಂದು ಗಂಡು ಕೇರೆಹಾವು, ಒಂದು ಹೆಣ್ಣು ಕೇರೆಹಾವು, ಎರಡನ್ನೂ ಬುಟ್ಟಿ ಸಮೇತ ದೊರೆಗೆ ಒಪ್ಪಿಸಿ ಕೈಬೀಸಿಕೊಂಡು ಹೋದ. ಬುದ್ಧಿವಂತ.

ದೊರೆ ಮಂತ್ರಿಯನ್ನು ಕರೆದ. “ಇವನ್ನ ಸುಮ್ಮನೆ ಸಾಕೋಣವೋ, ಮರಿ ಮಾಡಿಸೋಣವೋ?”

“ಸಾಕೋಣ ಪ್ರಭು.”

“ಸುಮ್ಮನೆ ಸಾಕೋದಕ್ಕೆ ಜೋಡಿ ಯಾಕೆ?”

“ಹಾಗಾದರೆ ಮರಿ ಮಾಡಿಸೋಣ.”

“ಮರಿ ಆದಮೇಲೆ ಅವನ್ನ ಸಾಕಬೇಕಲ್ಲ?”

“ಸಾಕಬೇಕು.”

“ಕೊನೆಗೆ ಸಾಕೋದೇ ಆದರೆ ಮರಿ ಯಾಕೆ?”

ಸಭೆ ಕರೆದರು. ಅರ್ಧ ಜನ ಸಾಕೋಣ ಅಂದರು, ಅರ್ಧ ಜನ ಮರಿ ಮಾಡಿಸೋಣ ಅಂದರು. ಊಟದ ಹೊತ್ತಾಯಿತು. ಉಂಡು ಬಂದವರು ಪಕ್ಷ ಬದಲಾಯಿಸಿಕೊಂಡು ಮತ್ತೆ ಜಗಳಕ್ಕೆ ಕೂತರು. ಹಾವನ್ನು ಮಾತ್ರ ಯಾರೂ ಕೇಳಲಿಲ್ಲ.

ಜಗಳ ಮುಗಿಯುವವರೆಗೆ ಬುಟ್ಟಿ ಎಲ್ಲಿಡುವುದು? ಅರಮನೆಯಲ್ಲಿ ಜಾಗವಿಲ್ಲ, ಸಭೆ ನಡೆಯುತ್ತಿದೆ. ಹಾವಾಡಿಗ ಊರಿಗೆ ಬಂದಾಗ ಬುಟ್ಟಿ ಇಳಿಸಿ ಸುಧಾರಿಸಿಕೊಂಡದ್ದು ಪುರಿ ಹುರಿಯುವ ದ್ಯಾವಮ್ಮನ ಜಗಲಿಯ ಮೇಲೆ. ಹಾಗಾಗಿ ಅವಳ ಮನೆಗೇ ಕಳಿಸಿದರು. ಇದೊಂದು ಕಾರಣವೇ? ನೀವೇ ಹೇಳಿ.

ದ್ಯಾವಮ್ಮ ಒಂಟಿ ಮುದುಕಿ. ಅವಳದು ಒಂದೇ ಕೋಣೆಯ ಮನೆ. ಆ ಕೋಣೆಯಲ್ಲೇ ಪುರಿಭಟ್ಟಿ, ಅದರ ಪಕ್ಕದಲ್ಲೇ ಚಾಪೆ. ಮಂತ್ರಿ ಬಂದು ಹೇಳಿದ, “ಹಾವಿಗೆ ಹೊಗೆ ಆಗೋದಿಲ್ಲ. ಭಟ್ಟಿ, ಒಲೆ ಯಾವುದೂ ಹಚ್ಚಬೇಡ. ನೀನು ಹೊರಗಿರು.”

“ಎಲ್ಲೀವರ್ಗೂ ಬುದ್ಧಿ?”

“ತೀರ್ಮಾನ ಆಗೋವರೆಗೂ.”

ದ್ಯಾವಮ್ಮ ಜಗಲಿಗೆ ಬಂದು ಬಿದ್ದಳು. ಊರಿಗೆ ಪುರಿ ಇಲ್ಲವಾಯಿತು. ದಿನಾ ಅರಮನೆಗೆ ಹೋಗಿ, “ನನ್ ಮನೆ ನಂಗ್ ಬಿಟ್ಕೊಡಿ ಬುದ್ಧಿ,” ಅನ್ನುವಳು. ದಿನಾ ದೊರೆ, “ಇನ್ನೂ ತೀರ್ಮಾನ ಆಗಿಲ್ಲ,” ಅನ್ನುವನು. ಬಿಸಿಲು ಕಳೆದು ಚಳಿ ಬಂತು. ತೀರ್ಮಾನ ಬರಲಿಲ್ಲ.

ಒಂದು ಬೆಳಿಗ್ಗೆ ಬುಟ್ಟಿ ಕೂಗಿತು. “ದ್ಯಾವಮ್ಮಾ, ನನ್ನ ತಳ ಕಿತ್ತು ಬರ್ತಾ ಇದೆ. ನಿನ್ನ ಹೆಣ್ಣುಹಾವು ಬಸುರಿ ಕಣೇ.”

“ನನ್ ಹಾವು ಯಾವಾಗಾಯ್ತು?” ಅಂದಳು ದ್ಯಾವಮ್ಮ.

ಸುದ್ದಿ ಅರಮನೆಗೆ ಹೋಯಿತು. ದೊರೆ ಕೆಂಡವಾದ. ಸಭೆ ಮುಗಿಯುವ ಮೊದಲೇ ಹಾವು ಬಸುರಾಗುವುದೆಂದರೇನು, ಸಭೆಗೆ ಬೆಲೆ ಇಲ್ಲವೇ ಅಂದ. ಮಂತ್ರಿ ಸಮಾಧಾನ ಮಾಡಿದ. “ಪ್ರಭು, ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗಬೇಕು. ಹಾವು ಈ ಊರಲ್ಲಿ ಮೊದಲು ಇಳಿದ ಮನೆಯೇ ಅದರ ತವರು. ದ್ಯಾವಮ್ಮ ತಾಯಿ. ಖರ್ಚು ವೆಚ್ಚ ತಾಯಿಯದು. ಗಂಡುಹಾವು ಅಳಿಯ. ಅಳಿಯ ಅತ್ತೆಮನೆಯಲ್ಲಿ ಬಿದ್ದಿರುವುದು ಮರ್ಯಾದೆಯಲ್ಲ. ಅವನು ಅರಮನೆಗೆ ಬರಲಿ.”

ಎಂಥಾ ನ್ಯಾಯ ನೋಡಿ. ಗಂಡುಹಾವಿಗೆ ಅರಮನೆಯ ರೇಷ್ಮೆ ದಿಂಬು ಸಿಕ್ಕಿತು. ದ್ಯಾವಮ್ಮನಿಗೆ ಮಗಳು ಸಿಕ್ಕಳು.

ಸೀಮಂತ ಮಾಡಬೇಕಾಯಿತು. ಬಳೆಗಾರ ಬಂದು ಬಸುರಿಯ ಕೈ ಕೇಳಿದ. ಕೈ ಎಲ್ಲಿದೆ? ಕೈಯಿಲ್ಲದವರಿಗೆ ಮೈಯೇ ಕೈ ಅಂದು ತಲೆಯಿಂದ ಬಾಲದವರೆಗೂ ಹಸಿರು ಬಳೆ ತೊಡಿಸಿದ. ಹಾವು ಹರಿದರೆ ಝಣಝಣ. ಆ ಸದ್ದಿಗೆ ಊರಿನ ಇಲಿಗಳೆಲ್ಲ ಓಡಿಹೋದವು. ಇಲಿ ಇಲ್ಲದೆ ಹಾವು ಹಸಿಯಿತು. ಬಸುರಿಯ ಬಯಕೆ ತೀರಿಸುವುದು ತಾಯಿಯ ಕೆಲಸ ಅಂದ ಮಂತ್ರಿ. ಪಕ್ಕದ ಊರಿಗೆ ಹೋಗಿ, ಬಿಲದ ಮುಂದೆ ಹೊಟ್ಟೆಯ ಮೇಲೆ ಮಲಗಿ, ಆ ಮುದುಕಿ ಇಲಿ ಹಿಡಿದಳು. ನಗಬೇಡಿ ಅಂದೆನಲ್ಲ.

ಹಾವು ಮೊಟ್ಟೆ ಇಟ್ಟಿತು. ಮೊಟ್ಟೆ ಒಡೆದು ಮರಿ ಬಂದವು. ಮನೆ ತುಂಬ ಮರಿ, ಸೂರಿನ ತುಂಬ ಮರಿ, ಆರಿದ ಭಟ್ಟಿಯೊಳಗೂ ಮರಿ.

ಮಂತ್ರಿ ಮತ್ತೆ ಬಂದ. “ಬಾಣಂತಿಗೆ ಬಿಸಿನೀರು ಹಾಕು.”

“ಒಲೆ ಹಚ್ಬೇಡ ಅಂದಿದ್ದೀರಲ್ಲ.”

“ಒಲೆ ಹಚ್ಚಬೇಡ. ನೀರು ಬಿಸಿ ಮಾಡು.”

ಹೇಳಿ ಹೊರಟುಹೋದ. ದ್ಯಾವಮ್ಮ ತಣ್ಣೀರಿನ ಹಂಡೆಯ ಮುಂದೆ ಕೂತಳು. ಬೈಯತೊಡಗಿದಳು. ಮಂತ್ರಿಯನ್ನು ಬೈದಳು, ನೀರು ಬೆಚ್ಚಗಾಯಿತು. ಸಭೆಯನ್ನು ಬೈದಳು, ಹಬೆ ಬಂತು. ದೊರೆಯನ್ನು ಬೈದಳು, ಹಂಡೆ ಸುಡತೊಡಗಿತು. ಕೊನೆಗೆ ತನ್ನನ್ನೇ ಬೈದುಕೊಂಡಳು. ಹೊರಗಿರು ಅಂದಾಗ ಯಾಕೆ ಅಂತ ಒಂದು ಮಾತು ಕೇಳದೆ ಎದ್ದು ಬಂದೆನಲ್ಲ, ನನ್ನ ಬಾಯಿಗೇನಾಗಿತ್ತು ಅಂದಳು. ನೀರು ಕೊತಕೊತ ಕುದಿಯಿತು.

ಹಾವು ತಲೆ ಎತ್ತಿತು. “ಅವ್ವಾ, ಅಷ್ಟು ಬಿಸಿ ಬೇಡ. ನನಗೂ ಇಲ್ಲಿ ಸಾಕಾಗಿದೆ. ನನ್ನ ಕಳಿಸಿಕೊಡು.”

“ಎಲ್ಲಿಗವ್ವಾ ಕಳಿಸ್ಲಿ?”

“ಬಾಣಂತನ ಮುಗಿದ ಮಗಳನ್ನ ಎಲ್ಲಿಗೆ ಕಳಿಸ್ತಾರೆ?”

ದ್ಯಾವಮ್ಮ ಎದ್ದು ನಿಂತಳು. ಹಾವಿಗೆ ಮಡಿಲಿಲ್ಲ, ಬುಟ್ಟಿಗೇ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಮಡಿಲು ತುಂಬಿದಳು. ಮಗಳನ್ನೂ ಮೊಮ್ಮಕ್ಕಳನ್ನೂ ಒಂದೂ ಬಿಡದೆ ತುಂಬಿಕೊಂಡಳು. ತಲೆಯ ಮೇಲೆ ಹೊತ್ತು ನೇರ ಅರಮನೆಗೆ ನಡೆದಳು. ಸಭೆ ನಡೆಯುತ್ತಿತ್ತು.

“ಇನ್ನೂ ತೀರ್ಮಾನ ಆಗಿಲ್ಲ,” ಅಂದ ದೊರೆ, ತಲೆ ಎತ್ತದೆ.

“ತೀರ್ಮಾನ ಕೇಳಕ್ ಬಂದಿಲ್ಲ ಬುದ್ಧಿ. ಮಗಳನ್ನ ಗಂಡನ ಮನೆಗೆ ಬಿಡಕ್ ಬಂದೆ.”

ಬುಟ್ಟಿ ಸುರಿದಳು. ಸಿಂಹಾಸನದ ಮೇಲೆ, ಕಿರೀಟದೊಳಗೆ, ಮಂತ್ರಿಯ ಅಂಗಿತೋಳಿನೊಳಗೆ, ಎಲ್ಲೆಲ್ಲೂ ಹಾವು. ಸಾಕೋಣ ಅಂದವರು ಕಿಟಕಿಯಿಂದ ಹಾರಿದರು. ಮರಿ ಮಾಡಿಸೋಣ ಅಂದವರು ಅವರ ಮೇಲೆ ಹಾರಿದರು. ದ್ಯಾವಮ್ಮ ಹಿಂದಿರುಗಿ ನೋಡಲಿಲ್ಲ. ಮನೆಗೆ ಬಂದು, ನೆಲ ಗುಡಿಸಿ, ಭಟ್ಟಿ ಹಚ್ಚಿದಳು. ಮರಳು ಕಾಯಿತು. ಪುರಿ ಪಟಪಟ ಅರಳಿತು. ಆ ಸದ್ದು ಕೇಳಿ ಅವಳಿಗೆ ಅಳು ಬಂತು, ಅತ್ತಳು.

ದೊರೆ ಬರಿಗಾಲಲ್ಲಿ ಬಂದು ಅಂಗಳದಲ್ಲಿ ನಿಂತ. “ದ್ಯಾವಮ್ಮ, ಅರಮನೆಯಲ್ಲಿ ನನಗೆ ಜಾಗವಿಲ್ಲ. ಒಳಗೆ ಕರಕೊ.”

“ಇದು ತವರುಮನೆ ಅಂತ ನೀವೇ ಹೇಳಿದ್ರಿ. ಇಲ್ಲಿಗೆ ಹೆರಿಗೆಗೆ ಬರ್ತಾರೆ. ನೀವು ಬಸುರಿನಾ ಬುದ್ಧಿ?”

ದೊರೆ ಹೊಟ್ಟೆ ಮುಟ್ಟಿ ನೋಡಿಕೊಂಡ. “ಮಂತ್ರಿಯನ್ನ ಕೇಳಿ ಹೇಳ್ತೀನಿ,” ಅಂದ.

ದ್ಯಾವಮ್ಮ ಬಾಗಿಲು ಹಾಕಿಕೊಂಡಳು.

ನೀತಿ ಬೇಕೇ ನಿಮಗೆ? ದೊರೆಗೆ ಹಾವಿನ ಆಸೆ ಹುಟ್ಟಿದರೆ ಬಾಣಂತನ ಬಡವಿಯ ಮನೆಯಲ್ಲಿ. ಇದು ನೀತಿಯೂ ಅಲ್ಲ, ನನ್ನ ಹೊಟ್ಟೆಯುರಿ. ಹಾವು ಅರಮನೆಯಲ್ಲಿ, ದ್ಯಾವಮ್ಮ ಮನೆಯಲ್ಲಿ, ದೊರೆ ಅಂಗಳದಲ್ಲಿ. ನಾನು ಬೈದು ದಣಿದೆ, ನೀವು ಕೇಳಿ ದಣಿದಿರಿ. ಏಳಿ, ಹೋಗಿ ಮಲಗಿ.