ಪಟ್ಟಿಯಲ್ಲಿಲ್ಲದ ನೆಲನೆಲ್ಲಿ

ಕಾಮಾಲೆಗೆ ಮದ್ದು ಹುಡುಕುತ್ತಿದ್ದ ಕಂಪ್ಯೂಟರಿಗೆ ಲಕ್ಷ ಗಿಡಗಳ ಲ್ಯಾಟಿನ್ ಹೆಸರು, ಒಳಗಿನ ರಸಾಯನ ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು. ಒಂದು ದಿನ ಅದು ಹಿಗ್ಗಿ ಕೂಗಿತು: "ಸಿಕ್ಕಿತು! ನನ್ನ ಪಟ್ಟಿಯ ಈ ಲ್ಯಾಟಿನ್ ಹೆಸರಿನ ಗಿಡದಲ್ಲಿದೆ ಮದ್ದು. ಕೂಡಲೇ ವಿದೇಶದಿಂದ ತರಿಸಿ!"

ಕಿಟಕಿಯ ಕೆಳಗೆ, ಮೆಟ್ಟಿಲ ಬಿರುಕಿನಲ್ಲಿ ಬೆಳೆದಿದ್ದ ಪುಟ್ಟ ಗಿಡವೊಂದು ತಲೆಯೆತ್ತಿತು. "ಸ್ವಾಮಿ, ಅದು ನಾನೇ ಇರಬೇಕು. ಊರವರು ಕಾಮಾಲೆಗೆ ನನ್ನನ್ನೇ ಅರೆದು ಕುಡಿಯುತ್ತಾರೆ."

"ನಿನ್ನ ಹೆಸರು?"

"ನೆಲನೆಲ್ಲಿ."

"ನನ್ನ ಪಟ್ಟಿಯಲ್ಲಿಲ್ಲ. ಹಾಗಾದರೆ ನೀನು ಕಳೆ," ಎಂದ ಕಂಪ್ಯೂಟರ್, ಮಾಲಿಗೆ ಹೇಳಿ ಅದನ್ನು ಕೀಳಿಸಿತು.

ತಿಂಗಳ ಮೇಲೆ ಹಡಗಿನಲ್ಲಿ ಸೀಸೆ ಬಂತು. ಒಳಗಿದ್ದ ಒಣ ಎಲೆಗೆ ಕಂಪ್ಯೂಟರ್ ಕೈಮುಗಿಯುವುದೊಂದು ಬಾಕಿ. "ಪ್ರಯಾಣ ಸುಖವಾಯಿತೆ, ತಾಯಿ?"

"ಸುಖವಪ್ಪಾ," ಎಂದಿತು ಎಲೆ. "ಇಲ್ಲೇ ಮೆಟ್ಟಿಲ ಬಳಿ ನನ್ನ ತಂಗಿ ನೆಲನೆಲ್ಲಿ ಇದ್ದಾಳಂತೆ, ಸ್ವಲ್ಪ ಕರೆಸಪ್ಪಾ."