ಸೋಮವಾರದ ಬುಟ್ಟಿ

“ಉಸ್ತಾದರ, ಆರು ದಿನ ನೀವು ಹೇಳಿದ್ದನ್ನ ಉಣ್ಣತೀನಿ. ಏಳನೇ ದಿನ ನಾಲಿಗಿ ಹೇಳಿದ್ದನ್ನ ಉಂಡ್ರ ಏನ್ ತಪ್ಪು?”

ದ್ಯಾಮಣ್ಣ ಇದನ್ನು ಕೇಳಿದ್ದು ಸೋಮವಾರ ಬೆಳಗ್ಗೆ, ಗರಡಿಯ ಕೆಮ್ಮಣ್ಣಿನಲ್ಲಿ ಅಂಗಾತ ಬಿದ್ದುಕೊಂಡು. ಶನಿವಾರ ಇವನ ಕೈಯಲ್ಲಿ ಮೂರು ಸಲ ಬೆನ್ನು ಮಣ್ಣಿಗೆ ಹಚ್ಚಿಸಿಕೊಂಡಿದ್ದ ಜೋಡಿಯ ಹುಡುಗನೇ ಇವತ್ತು ಇವನನ್ನು ಎತ್ತಿ ಒಗೆದಿದ್ದ.

ಯುಗಾದಿಯ ಕುಸ್ತಿಗೆ ಇನ್ನು ನಾಲ್ಕೇ ವಾರ. ಊರಿನ ಪರವಾಗಿ ಕಣಕ್ಕಿಳಿಯುವವನು ತಾನೇ ಎಂದು ದ್ಯಾಮಣ್ಣ ತಾಲ್ಲೂಕಿಗೆಲ್ಲ ಸಾರಿ ಬಂದಿದ್ದ. ಸಾರಿಕೊಳ್ಳುವಂಥ ಮೈಯೇ ಹೌದು. ಅವನು ಲೈನ್‌ಮನ್. ಏಣಿ ಇಲ್ಲದೆ ಕಂಬ ಹತ್ತಿದರೆ ಬಸ್ಸಿನ ಜನವೂ ಕತ್ತು ಹೊರಹಾಕಿ ನೋಡುತ್ತಿತ್ತು. ಆದರೆ ವಾರವಾರ ಸೋಮವಾರ ಬಂತೆಂದರೆ ಆ ಮೈ ಯಾರದೋ ಆಗಿಬಿಡುತ್ತಿತ್ತು.

ಉಸ್ತಾದ ಮೌಲಾಸಾಬರು ಎಪ್ಪತ್ತು ದಾಟಿದವರು. ಅವರು ಬೈಯಲಿಲ್ಲ.

“ನಿನ್ನೆ ಏನ್ ಉಂಡಿ?” ಎಂದು ಕೇಳಿದರು.

“ನಿನ್ನೆ ರವಿವಾರ ಅಲ್ರಿ? ಮುಂಜಾನಿ ಒಂದ್ ಹತ್ತು ಪೂರಿ. ಮಧ್ಯಾಹ್ನ ಬಿರ್ಯಾನಿ, ಎರಡು ಪ್ಲೇಟು. ಸಂಜೀಕ ಮಿರ್ಚಿ. ಆಮ್ಯಾಲ ಬಾಯಿ ಖಾರ ಆತು ಅಂತ ಪಾವಕಿಲೋ ಕುಂದಾ. ಗರಡೀನೂ ಬಂದ್, ಡ್ಯೂಟೀನೂ ಇಲ್ಲ. ಇವತ್ತ ನೂರು ಬೈಠಕ್ ಹೆಚ್ಚಿಗಿ ಹೊಡದು ಎಲ್ಲಾ ಇಳಿಸಿಬಿಡ್ತೀನಿ, ನೀವ್ಯಾಕ ಚಿಂತಿ ಮಾಡ್ತೀರಿ?”

“ಯಾರ ಜೋಡಿ ಉಂಡಿ?”

“ಯಾರ ಜೋಡಿ ಅಂದ್ರ? ಪ್ಯಾಟ್ಯಾಗ ನಂದು ಒಂಟಿ ರೂಮು. ಫೋನ್ ನೋಡ್ಕೋತ ಉಂಡೆ.”

ಉಸ್ತಾದರು ಕೈಯ ಮಣ್ಣು ಒದರಿಕೊಂಡು ಕಟ್ಟೆಯ ಮೇಲೆ ಕುಳಿತರು. “ಏಳು, ಬಾ, ಇಲ್ಲಿ ಕೂಡು,” ಎಂದು ಹೇಳತೊಡಗಿದರು.

ಒಬ್ಬ ರೈತನಿದ್ದ. ತಂದೆ ಬಿಟ್ಟುಹೋದ ಒಂದು ಜೋಡಿ ಎತ್ತು ಅವನ ಕೊಟ್ಟಿಗೆಯಲ್ಲಿತ್ತು. ಎಂಥ ಎತ್ತು! ಎರೆಹೊಲದಲ್ಲಿ ಬೇರೆಯವರ ಎತ್ತು ಒಂದು ಸಾಲು ಮುಗಿಸಿ ಉಸಿರು ಬಿಡುವಷ್ಟರಲ್ಲಿ ಇವು ಎರಡನೆಯ ಸಾಲು ಮುಗಿಸಿ ತಿರುಗಿ ನಿಂತಿರುತ್ತಿದ್ದವು. ಸುತ್ತಲ ಹತ್ತು ಹಳ್ಳಿಯಲ್ಲಿ ಅಂಥ ಜೋಡಿ ಇರಲಿಲ್ಲ. ಇದ್ದರೆ ತೋರಿಸಲಿ ಎಂದು ರೈತ ಸವಾಲು ಹಾಕುತ್ತಿದ್ದ. ಯಾರೂ ತೋರಿಸಲಿಲ್ಲ.

ಆ ಊರಿನಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಸೋಮವಾರ ಬಸವಣ್ಣನ ದಿನ. ಬಿತ್ತನೆಯ ಹದ ಆರಿಹೋಗುತ್ತಿದ್ದರೂ ಅವತ್ತು ನೊಗ ಗೋಡೆಯಿಂದ ಕೆಳಗಿಳಿಯುವುದಿಲ್ಲ.

ತಂದೆ ಇದ್ದಾಗ ಸೋಮವಾರಕ್ಕೆ ಒಂದು ಪದ್ಧತಿ ಇತ್ತು. ಹೊತ್ತು ಮೂಡುವ ಮೊದಲೇ ಅವನು ಎತ್ತು ಬಿಚ್ಚಿ ಹಳ್ಳಕ್ಕೆ ಹೊಡೆದುಕೊಂಡು ಹೋಗುತ್ತಿದ್ದ. ಹುಲ್ಲಿನ ಸಿಂಬೆಯಿಂದ ಮೈ ತಿಕ್ಕುತ್ತಿದ್ದ. ನೊಗ ಉಜ್ಜಿ ದಡ್ಡುಗಟ್ಟಿದ ಹೆಗಲಿಗೆ ಔಡಲೆಣ್ಣೆ ಸವರುತ್ತಿದ್ದ. ಆಮೇಲೆ ಸುಮ್ಮನೆ ದಂಡೆಯಲ್ಲಿ ಕುಳಿತುಬಿಡುತ್ತಿದ್ದ. ಎತ್ತುಗಳು ಮೊಣಕಾಲುದ್ದ ನೀರಿನಲ್ಲಿ ನಿಂತಿರುತ್ತಿದ್ದವು. ಮಗ ಎಡ ಎತ್ತಿನ ತೊಯ್ದ ಬೆನ್ನ ಮೇಲೆ ಬೋರಲಾಗಿ ಮಲಗುತ್ತಿದ್ದ. ಎತ್ತು ಉಸಿರಾಡಿದಂತೆಲ್ಲ ಅವನೂ ಮೇಲೆ ಕೆಳಗೆ ಆಗುತ್ತಿದ್ದ. ಮನೆಯಲ್ಲಿ ತುಟಿ ಬಿಚ್ಚದ ಅಪ್ಪ ಅಲ್ಲಿ ಒಂದೆರಡು ಮಾತು ಆಡುತ್ತಿದ್ದ. ಹೊತ್ತು ಏರಿದ ಮೇಲೆ ಮನೆಗೆ ಬಂದರೆ ಗೋದಲಿಗೆ ಬೀಳುತ್ತಿದ್ದದ್ದು ದಿನದ ಜೋಳದ ಕಣಿಕೆ, ದಿನದ ಒಂದು ಸೇರು ಹಿಂಡಿ. ಅದರ ಮೇಲೆ ಒಂದು ಹಿಡಿ ಇಲ್ಲ.

ಉಸ್ತಾದರು ಇಷ್ಟು ಹೇಳುವಾಗ ದ್ಯಾಮಣ್ಣನ ಕಣ್ಣೆದುರಿಗೆ ಒಂದು ಹಿತ್ತಾಳೆಯ ಪರಾತ, ಅಗಲವಾದ ದೊಡ್ಡ ತಟ್ಟೆ, ಬಂತು. ಅವ್ವ ರವಿವಾರ ಅದನ್ನು ನಡುಮನೆಯಲ್ಲಿ ಇಡುತ್ತಿದ್ದಳು. ತಾನೂ ಸೇರಿ ಐವರು ಮಕ್ಕಳು ಸುತ್ತ ಕುಳಿತು, ಮೊಣಕೈಗೆ ಮೊಣಕೈ ತಾಗಿಸಿ ಅದರಲ್ಲೇ ಉಣ್ಣುತ್ತಿದ್ದರು. ಪರಾತದಲ್ಲಿ ಏನಿರುತ್ತಿತ್ತು ಎಂದು ನೆನಪಾಗಲಿಲ್ಲ. ಎತ್ತಿನ ಕತೆಯಲ್ಲಿ ಇದು ಯಾಕೆ ಬಂತು ಎಂದುಕೊಂಡು ಅವನು ತಲೆ ಕೊಡವಿದ.

ತಂದೆ ತೀರಿಕೊಂಡ. ಮಗನೂ ಆರು ದಿನ ಅಳತೆ ತಪ್ಪಿಸಲಿಲ್ಲ. ಕಣಿಕೆಗೆ ಕಣಿಕೆ, ಹಿಂಡಿಗೆ ಹಿಂಡಿ. ಸೋಮವಾರ ಮಾತ್ರ ಅವನು ಹಳ್ಳಕ್ಕೆ ಹೋಗಲಿಲ್ಲ. ಅರ್ಧ ದಿನ ಹಾಳು ಎಂದ. ತನಗೂ ರಜೆ ಬೇಡವೇ ಎಂದ. ಅವತ್ತು ಊರ ಬಾಗಿಲಿನ ಅಗಸಿಕಟ್ಟೆಯಲ್ಲಿ ಗೆಳೆಯರು ಕೂಡುತ್ತಿದ್ದರು. ಆದರೂ ಕೊಟ್ಟಿಗೆ ದಾಟುವಾಗ ಎತ್ತುಗಳು ಕತ್ತೆತ್ತಿ ನೋಡಿದರೆ ಅವನಿಗೆ ಒಂಥರಾ ಆಗುತ್ತಿತ್ತು. ಅದಕ್ಕೆ ಒಂದು ಸೋಮವಾರ ಮಿಕ್ಕ ನಾಲ್ಕು ಹೋಳಿಗೆಯನ್ನು ಬುಟ್ಟಿಯಲ್ಲಿ ತಂದು ಮುಂದಿಟ್ಟ. ಎತ್ತು ತಿಂದವು. ಅವನ ಮನಸ್ಸು ಹಗುರಾಯಿತು. ಮುಂದಿನ ವಾರ ಜೋಳದ ನುಚ್ಚು ಬೇಯಿಸಿ ಬೆಲ್ಲ ಕಲಸಿದ. ಅದರ ಮುಂದಿನ ವಾರ ಬುಟ್ಟಿ ತುಂಬಿತು.

“ಸೋಮವಾರ ನನ್ನ ಎತ್ತು ಉಣ್ಣೂದನ್ನ ನಿಮ್ಮನಿ ಬೀಗರೂ ಉಂಡಿಲ್ಲ,” ಎಂದು ಕಟ್ಟೆಯಲ್ಲಿ ಕೊಚ್ಚಿಕೊಂಡ.

“ಹಂಗಾರ ಮುಂದಿನ ವಾರ ಬಾಳಿ ಎಲಿ ಹಾಕಿ, ತುಪ್ಪ ಬಡಸೋ,” ಎಂದು ಒಬ್ಬ ಹಂಗಿಸಿದ. ಎಲ್ಲರೂ ನಕ್ಕರು. ಅವನೂ ನಕ್ಕ.

ಒಂದೇ ದಿನ ತಾನೇ ಎಂಬುದು ಅವನ ಲೆಕ್ಕ. ಆದರೆ ಬುಟ್ಟಿ ಸೋಮವಾರದಲ್ಲಿ ನಿಲ್ಲಲಿಲ್ಲ. ಮಂಗಳವಾರ ಎತ್ತು ಕಣಿಕೆಯನ್ನು ಮೂಸಿ ಮುಖ ತಿರುಗಿಸಿದವು. ಬುಧವಾರ ಅರ್ಧ ತಿಂದು ಅರ್ಧ ಬಿಟ್ಟವು. ಬಾಯಿ ದಾರಿಗೆ ಬರುವಷ್ಟರಲ್ಲಿ ವಾರ ಮುಗಿಯುತ್ತಿತ್ತು. ರವಿವಾರ ಸಂಜೆಗೆ ಮತ್ತೆ ಗೋದಲಿ ತುಂಬಿದ್ದು ತುಂಬಿದ ಹಾಗೇ. ನಾಳೆಯ ಬುಟ್ಟಿ ಅವಕ್ಕೂ ಗೊತ್ತಾಗಿತ್ತು. ರೈತ ಇದನ್ನು ಕಂಡೂ ಕಾಣದವನಂತೆ ಇದ್ದ. ಮಂಗಳವಾರ ಎರಡು ಸಾಲು ಹೆಚ್ಚು ಹೊಡೆದರೆ ಎಲ್ಲ ಇಳಿಯುತ್ತದೆ ಎಂದು ಬಾರುಕೋಲು ಎತ್ತುತ್ತಿದ್ದ.

ಹಿಂಗಾರಿ ಮಳೆ ಬಂತು. ಮಂಗಳವಾರ ಬಿತ್ತನೆ ಎಂದು ಊರೆಲ್ಲ ಕೂರಿಗೆ ಕಟ್ಟಿತು. ನಾಳೆ ದೊಡ್ಡ ದುಡಿಮೆ ಎಂದು ರೈತ ಸೋಮವಾರ ಎರಡು ಬುಟ್ಟಿ ಸುರಿದ. ಮಂಗಳವಾರ ಮೂರನೆಯ ಸಾಲಿನಲ್ಲಿ ಎಡ ಎತ್ತು ಮಲಗಿಬಿಟ್ಟಿತು. ಹೊಟ್ಟೆ ಎಡಕ್ಕೆ ಉಬ್ಬಿ ತಟ್ಟಿದರೆ ಸದ್ದು ಮಾಡುತ್ತಿತ್ತು. ರೈತ ಬಾರುಕೋಲು ಎತ್ತಿದ. ಎತ್ತಿದ ಕೈ ಕೆಳಗೆ ಬರಲಿಲ್ಲ. ಅವನು ಮಲಗುತ್ತಿದ್ದ ಬೆನ್ನು ಅದು.

ಪಕ್ಕದ ಹೊಲದ ಮುದುಕ ಓಡಿ ಬಂದ. ಬಿದಿರಿನ ಗೊಟ್ಟದಲ್ಲಿ ಎಣ್ಣೆ ತುಂಬಿ ಎತ್ತಿನ ಬಾಯಿಗೆ ಹೊಯ್ದ. ಇಬ್ಬರೂ ಹೊಟ್ಟೆ ತಿಕ್ಕಿದರು. ಹೊತ್ತು ನೆತ್ತಿಗೆ ಬಂದಾಗ ಹೊಟ್ಟೆಯ ಗಾಳಿ ಸಡಿಲಿತು. ಎತ್ತು ಕಣ್ಣು ತೆರೆಯಿತು. ಮುದುಕ ಬೆವರು ಒರೆಸಿಕೊಂಡ.

“ನಿನ್ನೆ ಏನ್ ಹಾಕಿದ್ದೀ ಇದಕ್ಕ?”

“ನಾನೇನ್ ಕಡಿಮಿ ಮಾಡೀನಿ ಕಾಕಾ? ಎರಡು ಬುಟ್ಟಿ ಹಾಕೀನಿ. ನಮ್ಮಪ್ಪ ಒಂದ್ ಸೋಮವಾರನೂ ಇಷ್ಟು ಹಾಕಿದವನಲ್ಲ.”

“ನಿಮ್ಮಪ್ಪ ಹಾಕತಿರಲಿಲ್ಲೋ ತಮ್ಮಾ, ಅವುಗಳ ಜೋಡಿ ಹಳ್ಳಕ್ಕ ಹೋಗತಿದ್ದ,” ಎಂದ ಮುದುಕ.

ರೈತ ಸಾಲಿನಲ್ಲೇ ಕುಸಿದು ಕುಳಿತ. ಸೋಮವಾರ ನಸುಕಿನಲ್ಲಿ ಹಳ್ಳದ ದಿಕ್ಕಿಗೆ ಹಗ್ಗ ಜಗ್ಗುತ್ತಿದ್ದ ಎತ್ತು ನೆನಪಾದವು. ಒದ್ದೆ ತೊಗಲಿನ ವಾಸನೆ ನೆನಪಾಯಿತು. ಅಪ್ಪ ಹೋದ ಮೇಲೆ ಆ ನೀರಿಗೆ ತಾನು ಕಾಲೇ ಇಟ್ಟಿಲ್ಲ ಎಂಬುದು ಆಗ ಹೊಳೆಯಿತು. ಅರ್ಧ ದಿನ ಹಾಳಾಗುತ್ತದೆ ಎಂದು ಬಿಟ್ಟದ್ದಲ್ಲ. ಅಪ್ಪನಿಲ್ಲದ ದಂಡೆಯನ್ನು ನೋಡಲು ಎದೆ ಸಾಲದೆ ಬಿಟ್ಟದ್ದು.

ಆ ವರ್ಷ ಅವನ ಅರ್ಧ ಹೊಲ ಬೀಳು ಬಿತ್ತು. ಊರಿಗೇ ಮೊದಲು ಬಿತ್ತುತ್ತಿದ್ದವನು ಊರವರ ಬೆಳೆ ನೋಡುತ್ತ ನಿಂತ.

ಮುಂದಿನ ಸೋಮವಾರ ಅವನು ಬುಟ್ಟಿ ಇಡಲಿಲ್ಲ. ಎತ್ತು ಬುಟ್ಟಿಗಾಗಿ ಕೂಗಿದವು. ಅವನು ಹಗ್ಗ ಬಿಚ್ಚಿ ಹಳ್ಳದ ಕಡೆ ಹೊಡೆದ. ಅವು ಹಿಂದಕ್ಕೆ, ಮನೆಯ ಕಡೆಗೆ ಜಗ್ಗಿದವು. ಎರಡನೆಯ ಸೋಮವಾರ ಒಲ್ಲದ ಮನಸ್ಸಿನಿಂದ ಬಂದು ನೀರಿನಲ್ಲಿ ನಿಂತವು. ಅವನು ತಿಕ್ಕಿದ, ಎಣ್ಣೆ ಸವರಿದ, ಅಪ್ಪ ಕೂಡುತ್ತಿದ್ದ ಕಲ್ಲಿನ ಮೇಲೆ ಕುಳಿತ. ಮೂರನೆಯ ಸೋಮವಾರ ಹಗ್ಗ ಬಿಚ್ಚುತ್ತಲೇ ಎತ್ತು ಮುಂದೆ ನಡೆದವು, ಅವನು ಹಿಂದೆ ನಡೆದ. ಮನೆಗೆ ಬಂದ ಮೇಲೆ ದಿನದ ಕಣಿಕೆ ಹಾಕಿದ. ಒಂದು ಕಡ್ಡಿ ಉಳಿಯಲಿಲ್ಲ.

ಉಸ್ತಾದರು ಕತೆ ನಿಲ್ಲಿಸಿದರು.

ದ್ಯಾಮಣ್ಣ ತೊಡೆ ತಟ್ಟಿಕೊಂಡು ಎದ್ದ. “ತಿಳೀತ್ ಬಿಡ್ರಿ. ಇನ್ನ ರವಿವಾರನೂ ಅದೇ ರೊಟ್ಟಿ, ಅದೇ ಪಲ್ಲೆ, ಅದೇ ಮೊಳಕಿಕಾಳು. ಪೂರಿ ಕಡೆ ಹೊಳ್ಳಿ ನೋಡೂದಿಲ್ಲ. ಹಲ್ಲು ಕಚ್ಚಿ ಇರತೀನಿ. ನಾನು ಅಂದ್ರ ಏನಂತ ತಿಳದೀರಿ?”

“ಹಲ್ಲು ಕಚ್ಚಿ ಎಷ್ಟ್ ರವಿವಾರ ಇರತೀಯೋ?” ಎಂದು ನಕ್ಕರು ಉಸ್ತಾದರು. ಆಮೇಲೆ ನಗು ಬಿಟ್ಟು, ಅವನ ಹೆಗಲಿಗೆ ಹತ್ತಿದ್ದ ಮಣ್ಣನ್ನು ತಮ್ಮ ಕೈಯಿಂದ ಒರೆಸುತ್ತ ಕೇಳಿದರು:

“ಪೂರಿ ಮಾತು ಇರಲಿ, ರವಿವಾರ ನಿನಗ ಆಗೋ ಹಸಿವಿ ಯಾವುದರದು, ಅದನ್ನ ಮೊದಲ ಹೇಳು.”

ದ್ಯಾಮಣ್ಣನ ಕಣ್ಣೆದುರಿಗೆ ಆ ಹಿತ್ತಾಳೆಯ ಪರಾತ ಮತ್ತೆ ಬಂತು. ಎದ್ದವನು ಉಸ್ತಾದರ ಪಕ್ಕ, ಮೊಣಕೈಗೆ ಮೊಣಕೈ ತಾಗಿಸಿ ಮತ್ತೆ ಕುಳಿತ.